ಹಾಡುಸಂಘದ ಗುಟ್ಟಿನ ಪ್ರವಾಸ

ಇದು ನಡೆದ ಸಂಗತಿ. ನಂಬಿಕೆ ಬಾರದವರು ಮೇಲಿನ ಕ್ರೇಬಾಖ್‌ಗೆ ಹೋಗಿ ಒಟ್ಮಾರ್ ತ್ಸಾಪ್ಫನ ಬಾಗಿಲು ತಟ್ಟಬಹುದು. ದಿನಾಂಕ, ಹೊತ್ತು, ಸಹಿ, ಮೊಹರು ಎಲ್ಲ ಇರುವ ದಾಖಲೆಯನ್ನು ಅವನೇ ತೆಗೆದು ತೋರಿಸುತ್ತಾನೆ. ತಾನು ಮೋಸಹೋದದ್ದಕ್ಕೆ ತಾನೇ ಮೊಹರು ಒತ್ತಿಕೊಟ್ಟ ಮನುಷ್ಯ ನಮ್ಮ ಸೀಮೆಯಲ್ಲಿ ಅವನೊಬ್ಬನೇ.

ಒಟ್ಮಾರ್ ಆ ಊರಿನ ಗಂಡಸರ ಹಾಡುಸಂಘದ ಅಧ್ಯಕ್ಷ. ಸಂಘದ ವಯಸ್ಸು ನೂರಮೂವತ್ತು ದಾಟಿತ್ತು, ಸದಸ್ಯರ ಸಂಖ್ಯೆ ಒಂಬತ್ತಕ್ಕೆ ಇಳಿದಿತ್ತು. ಅವರಲ್ಲಿ ಎಂಟು ಜನ ಕೆಳದನಿಯವರು. ಎಂಟೂ ಜನ ಒಟ್ಟಿಗೆ ಶುರುಮಾಡಿದರೆ ಯಾರದೋ ಟ್ರ್ಯಾಕ್ಟರ್ ಹೊರಟಿತು ಅಂದುಕೊಂಡು ಜನ ದಾರಿ ಬಿಡುತ್ತಿದ್ದರು. ಮೇಲ್ದನಿಗೆ ಉಳಿದಿದ್ದವನು ಎಂಬತ್ತೊಂದರ ಮುದುಕನೊಬ್ಬ. ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡ ಮೇಲೆ ಅವನು ಹಾಡುವುದಕ್ಕಿಂತ ಸೀಟಿ ಊದುವುದೇ ಹೆಚ್ಚಾಗಿತ್ತು.

ಗುಡ್ಡದ ಆಚೆ ಬದಿಗೆ, ಮೂರೇ ಕಿಲೋಮೀಟರಿನಲ್ಲಿ, ಕೆಳಗಿನ ಕ್ರೇಬಾಖ್. ಅಲ್ಲಿನ ಹಾಡುಸಂಘದಲ್ಲಿ ಚಿನ್ನದಂಥ ನಾಲ್ಕು ಮೇಲ್ದನಿಗಳಿದ್ದವು, ಕೆಳದನಿ ಹೆಸರಿಗೂ ಇರಲಿಲ್ಲ. ಎರಡು ಸಂಘ ಸೇರಿದರೆ ಒಂದು ಪೂರ್ತಿ ಹಾಡಾಗುತ್ತದೆ ಎಂಬುದು ಎರಡೂ ಊರಿನ ದನಗಳಿಗೂ ಗೊತ್ತಿತ್ತು. ಒಟ್ಮಾರ್ ಮಾತ್ರ ಒಪ್ಪುತ್ತಿರಲಿಲ್ಲ.

"ಆ ಕೆಳಗಿನವರ ಜೊತೆಗಾ? ಅದಕ್ಕಿಂತ ಮರ್ಯಾದೆಯಾಗಿ ಬಾಗಿಲು ಹಾಕೋಣ," ಎಂದು ಅಕ್ಟೋಬರಿನ ಮಹಾಸಭೆಗೆ ಸಂಘವನ್ನು ವಿಸರ್ಜಿಸುವ ನಿರ್ಣಯ ಬರೆದು, ಮೂರು ಪ್ರತಿ ತೆಗೆದು, ಮೊಹರೂ ಒತ್ತಿಟ್ಟಿದ್ದ.

ಅವನ ಹೆಂಡತಿ ಗೆರ್ಲಿಂಡಳಿಗೆ ಸಂಘ ಬೇಕು ಅಂತೇನೂ ಇರಲಿಲ್ಲ. ಆದರೆ ಮೂವತ್ತೈದು ವರ್ಷದಿಂದ ಬೆಳಿಗ್ಗೆ ಗಡ್ಡ ಹೆರೆಯುವಾಗ ಒಟ್ಮಾರ್ ಗುನುಗುತ್ತಿದ್ದ. ಆ ಗುನುಗಿಗೇ ಅವಳು ಮೊಟ್ಟೆ ಬೇಯಿಸುತ್ತಿದ್ದಳು. ಮೂರನೇ ಚರಣಕ್ಕೆ ತೆಗೆದರೆ ಹದ. ನಿರ್ಣಯಕ್ಕೆ ಮೊಹರು ಬಿದ್ದ ದಿನದಿಂದ ಬಚ್ಚಲಿನಿಂದ ನೀರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಮೊಟ್ಟೆಗಳು ಕಲ್ಲಾಗತೊಡಗಿದವು. ಗಂಡನೂ ಹಾಗೇ ಆಗುತ್ತಿದ್ದಾನೆ ಎಂದು ಅವಳಿಗೆ ನಿಜವಾಗಿಯೂ ಭಯವಾಯಿತು.

ಹಗೆಗೆ ಕಾರಣ ಒಂದು ಕಂಬ. ನಮ್ಮ ಕಡೆ ಮೇ ಒಂದಕ್ಕೆ ಊರ ನಡುವೆ ಬಣ್ಣದ ಕಂಬ ನಿಲ್ಲಿಸುವುದು ಎಷ್ಟು ಹಳೆಯ ಪದ್ಧತಿಯೋ, ನಿಲ್ಲಿಸುವ ಮೊದಲೇ ಪಕ್ಕದೂರಿನವರು ಬಂದು ಅದನ್ನು ಕದ್ದೊಯ್ಯುವುದೂ ಅಷ್ಟೇ ಹಳೆಯದು. ಕಳ್ಳತನಕ್ಕೂ ಕಟ್ಟಳೆ ಉಂಟು. ಕಾವಲಿನವನು ಕಂಬದ ಮೇಲೆ ಕೈಯಿಟ್ಟರೆ ಕಳ್ಳರು ಟೋಪಿ ಎತ್ತಿ ವಂದಿಸಿ ಹಿಂದಿರುಗಬೇಕು. ಊರ ಗಡಿ ದಾಟಿತೋ, ಮಾಲು ಅವರದು. ಬಿಡಿಸಿಕೊಳ್ಳಬೇಕಾದರೆ ಕಳಕೊಂಡವರು ಬಿಯರು, ಊಟ ಹಾಕಿಸಿ, ಎರಡೂ ಊರಿನವರು ಒಂದೇ ಮೇಜಿಗೆ ಕೂತು ಹಾಡಬೇಕು.

ಮೂವತ್ತೆಂಟು ವರ್ಷದ ಹಿಂದೆ ಕಾವಲಿಗಿದ್ದವನು ಇಪ್ಪತ್ತನಾಲ್ಕರ ಒಟ್ಮಾರ್. ಬೆಳಗಾದಾಗ ಕಂಬ ಇರಲಿಲ್ಲ. "ಹನ್ನೆರಡು ಜನ ಬಂದ್ರು, ನನ್ನ ಕೈಕಾಲು ಕಟ್ಟಿಹಾಕಿದ್ರು," ಎಂದು ಊರಿಗೆಲ್ಲ ಹೇಳಿದ. ಕಾವಲಿನವನ ಮೈಮುಟ್ಟುವುದು ಕಟ್ಟಳೆಗೆ ವಿರುದ್ಧ. ಊರು ಕೆರಳಿತು, ಕಂಬ ಬಿಡಿಸಲಿಲ್ಲ, ಮೇಜಿಗೆ ಕೂರಲಿಲ್ಲ. ಅಂದಿನಿಂದ ಒಟ್ಮಾರ್ ಹಲ್ಲಿನ ಡಾಕ್ಟರ ಬಳಿ ಹೋಗುವಾಗಲೂ ಕೆಳಗಿನ ಊರನ್ನು ತಪ್ಪಿಸಿ ಹದಿನಾಲ್ಕು ಕಿಲೋಮೀಟರು ಸುತ್ತಿ ಹೋಗುತ್ತಿದ್ದ.

ವಿಸರ್ಜನೆಯ ನಿರ್ಣಯ ಬರೆದ ವರ್ಷ ಜುಲೈಯಲ್ಲಿ ಗೆರ್ಲಿಂಡ ಉಪ್ಪಿನಕಾಯಿ ಜಾಡಿ ಹುಡುಕಲು ಅಟ್ಟ ಹತ್ತಿದಳು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿಟ್ಟ ಬೂದು ಕಂಬಳಿಯೊಂದು ಸಿಕ್ಕಿತು. ಮೂಲೆಯಲ್ಲಿ ಕೆಂಪು ದಾರದಲ್ಲಿ ಕಸೂತಿ ಮಾಡಿದ್ದ ಹೆಸರು ಬುರ್ಕಾರ್ಟ್ ಹೆರ್ಟೆಲ್. ಕೆಳಗಿನ ಊರಿನ ಹೋಟೆಲಿನ ಯಜಮಾನ, ಅಲ್ಲಿನ ಹಾಡುಸಂಘದ ಮುಖಂಡ. ಗೆರ್ಲಿಂಡ ಅಟ್ಟದ ಮೇಲಿಂದಲೇ ಅವನಿಗೆ ಫೋನು ಮಾಡಿದಳು.

"ಕಟ್ಟಿಹಾಕಿದ್ವಾ? ನಾವಾ?" ಬುರ್ಕಾರ್ಟ್ ಫೋನಿನಲ್ಲೇ ಕೆಮ್ಮುವಷ್ಟು ನಕ್ಕ. "ಅಮ್ಮಾ ತಾಯಿ, ನಾವು ಬಂದಾಗ ನಿನ್ನ ಗಂಡ ಕಂಬಕ್ಕೆ ಒರಗಿ ಗೊರಕೆ ಹೊಡೀತಿದ್ದ. ಆ ಗೊರಕೇಲಿ ನಾವು ಗರಗಸ ತಂದಿದ್ರೂ ಯಾರಿಗೂ ಕೇಳ್ತಿರಲಿಲ್ಲ. ಪಾಪ, ಚಳಿ ಇದೆ ಅಂತ ನಾನೇ ಕಂಬಳಿ ಹೊದಿಸಿ ಬಂದೆ. ಇವತ್ತಿನವರೆಗೂ ವಾಪಸು ಬಂದಿಲ್ಲ ಅದು."

"ಕಂಬ ತಗೊಂಡು ಕಂಬಳಿ ಕೊಟ್ರಿ ಅನ್ನಿ."

"ಹೂಂ. ವ್ಯಾಪಾರ ಅವನಿಗೇ ಲಾಭ."

ಗೆರ್ಲಿಂಡ ಆ ದಿನ ಗಂಡನಿಗೆ ಏನೂ ಹೇಳಲಿಲ್ಲ. ಮೂವತ್ತೆಂಟು ವರ್ಷ ಹೊತ್ತ ಸುಳ್ಳನ್ನು ಮುಖಕ್ಕೆ ಎಸೆದರೆ ಅವನು ಇನ್ನಷ್ಟು ಕಲ್ಲಾಗುತ್ತಾನೆ. ಅವನೇ ನಗುತ್ತ ಇಳಿಸಬೇಕು. ಹೇಗೆ ಎಂಬುದಕ್ಕೆ ಸೆಪ್ಟೆಂಬರಿನ ಪ್ರವಾಸ ದಾರಿ ಮಾಡಿಕೊಟ್ಟಿತು.

ಸಂಘದ ಪ್ರವಾಸ ಅಂದರೆ ಒಟ್ಮಾರನ ವಾರ್ಷಿಕ ಯಜ್ಞ. ಉದ್ದೇಶ ಪ್ರತಿ ವರ್ಷ ಒಂದೇ: "ಅಪ್ಪಟ ಜರ್ಮನ್ ಊಟ, ಸಂಸ್ಕೃತಿ ಮತ್ತು ಹಳ್ಳಿಗಾಡಿನ ಸವಿ." ಅದಕ್ಕಾಗಿ ಅವನು ಒಂದು ತಿಂಗಳು ಮೊದಲೇ ಒಬ್ಬನೇ ಹೋಗಿ, ನಡೆಯಬೇಕಾದ ದಾರಿಯನ್ನೆಲ್ಲ ಗಡಿಯಾರ ಹಿಡಿದು ನಡೆದು, ಉಣ್ಣಬೇಕಾದದ್ದನ್ನೆಲ್ಲ ಉಂಡು ಬರುತ್ತಿದ್ದ. ಆಮೇಲೆ ಪಟ್ಟಿ. ಒಂಬತ್ತು ನಲವತ್ತೆರಡಕ್ಕೆ ಬಸ್ಸಿನಿಂದ ಇಳಿಯುವುದು. ಒಂಬತ್ತು ನಲವತ್ತೇಳಕ್ಕೆ ಕಣಿವೆ ನೋಡಿ ಆನಂದಿಸುವುದು. ಒಂಬತ್ತು ಐವತ್ತಕ್ಕೆ ಆನಂದ ಮುಕ್ತಾಯ. ಒಮ್ಮೆ ಯಾರೋ ಕಾಮನಬಿಲ್ಲು ನೋಡುತ್ತ ನಿಂತದ್ದಕ್ಕೆ, ಪಟ್ಟಿಯಲ್ಲಿ ಇಲ್ಲದ್ದನ್ನು ನೋಡಿದ ಬಗ್ಗೆ ಸಭೆಯಲ್ಲಿ ವಿವರಣೆ ಕೇಳಿದ್ದ.

"ಇದು ಕೊನೇ ಪ್ರವಾಸ ಅಂತೀಯಲ್ಲ, ಈ ಸಲ ಗುಟ್ಟಿನ ಪ್ರವಾಸ ಮಾಡೋಣ," ಎಂದಳು ಗೆರ್ಲಿಂಡ. "ಎಲ್ಲಿಗೆ ಅಂತ ನನಗೂ ಬಸ್ ಓಡಿಸೋ ಲೊರೆನ್ಸ್‌ಗೂ ಮಾತ್ರ ಗೊತ್ತಿರುತ್ತೆ. ಬೇರೆ ಯಾರೂ ಕೇಳೋ ಹಾಗಿಲ್ಲ."

"ಎಲ್ಲಿಗೆ ಅಂತ ಗೊತ್ತಿಲ್ದೆ ಅಲ್ಲಿ ಆನಂದ ಪಡೋದು ಹೇಗೆ?"

"ನೀನು ಪರೀಕ್ಷಕ ಕಣೋ. ಗೊತ್ತಿಲ್ಲದ ಊರಿಗೆ ಪಕ್ಷಪಾತ ಇಲ್ದೆ ಅಂಕ ಕೊಡೋನು ನೀನಲ್ದೆ ಇನ್ಯಾರು?"

ಅಂಕ ಎಂಬ ಮಾತಿಗೆ ಒಟ್ಮಾರ್ ಕರಗಿದ. ಆ ಸಂಜೆಯೇ ಮೂರು ಕಾಲಮ್ಮಿನ ನಮೂನೆ ತಯಾರಾಯಿತು: ಊಟ, ಸಂಸ್ಕೃತಿ, ಹಳ್ಳಿಗಾಡು. ಒಂದು ಅಂದರೆ ಅತ್ಯುತ್ತಮ, ಆರು ಅಂದರೆ ನಪಾಸು. ಕೆಳಗೆ "ಪರೀಕ್ಷಕರ ಶಿಫಾರಸು", ಅದರ ಕೆಳಗೆ ಮೊಹರಿಗೆ ಜಾಗ. ಈವರೆಗೆ ಅವನು ಯಾವ ಊರಿಗೂ ಎರಡಕ್ಕಿಂತ ಒಳ್ಳೆಯ ಅಂಕ ಕೊಟ್ಟವನಲ್ಲ.

ಹೊರಟ ದಿನ ಬೆಳಿಗ್ಗೆ ಏಳೂವರೆಗೆ ಬಸ್ಸು ಬಿಟ್ಟಿತು. ಏಳು ನಲವತ್ತಕ್ಕೆ ಒಟ್ಮಾರ್ ನಿದ್ದೆಹೋದ. ಚಕ್ರ ತಿರುಗಿದರೆ ಅವನ ಕಣ್ಣು ಮುಚ್ಚುತ್ತದೆ ಎಂಬುದು ಊರಿಗೇ ತಿಳಿದ ವಿಷಯ. ಗೆರ್ಲಿಂಡ ಚೀಲದಿಂದ ಬೂದು ಕಂಬಳಿ ತೆಗೆದು ಮೆಲ್ಲಗೆ ಹೊದಿಸಿದಳು. ಹಿಂದಿನ ಸೀಟಿನಲ್ಲಿದ್ದ ಏಳೂ ಜನ ಬಾಯಿಗೆ ಕೈ ಅಡ್ಡಹಿಡಿದರು. ವಿಷಯ ಅವರಿಗೆ ಹಿಂದಿನ ವಾರವೇ ತಿಳಿದಿತ್ತು.

ಲೊರೆನ್ಸ್ ಕೂಡ ಸಂಘದ ಸದಸ್ಯನೇ, ಮೇಲಾಗಿ ಯಾರ ದನಿಯನ್ನಾದರೂ ಎತ್ತಿ ಆಡಿಸಬಲ್ಲ ಖದೀಮ. ಮೀನಿನ ಕೊಳದ ಸುತ್ತ ಮೂರನೇ ಸಲ ಬಸ್ಸು ತಿರುಗಿಸುವಾಗ ಅಧ್ಯಕ್ಷರು ಅರೆಗಣ್ಣು ತೆರೆದರು. ಕೂಡಲೇ ಲೊರೆನ್ಸ್ ಮೈಕು ಹಿಡಿದು, ರೈಲು ನಿಲ್ದಾಣದ ಹೆಂಗಸಿನ ದನಿಯಲ್ಲಿ ಉಲಿದ: "ಪ್ರಯಾಣಿಕರ ಗಮನಕ್ಕೆ. ನಾವೀಗ ಡಾನ್ಯೂಬ್ ನದಿಯನ್ನು ದಾಟುತ್ತಿದ್ದೇವೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

"ಡಾನ್ಯೂಬ್ ಯಾಕೋ ಬಡವಾಗಿದೆ," ಎಂದು ಗೊಣಗಿ ಒಟ್ಮಾರ್ ಮತ್ತೆ ಕಣ್ಣು ಮುಚ್ಚಿದ.

ಎರಡೂಮುಕ್ಕಾಲು ಗಂಟೆ ಸುತ್ತಿ ಬಸ್ಸು ಕೆಳಗಿನ ಕ್ರೇಬಾಖ್‌ನ ಹಿಂಬದಿಯ ಸೇಬಿನ ತೋಟದಲ್ಲಿ ನಿಂತಿತು. ಊರ ಹೆಸರಿನ ಹಳದಿ ಫಲಕಕ್ಕೆ ಅಗ್ನಿಶಾಮಕ ದಳದವರು ಹಿಂದಿನ ದಿನವೇ ಟಾರ್ಪಾಲು ಸುತ್ತಿದ್ದರು. ಒಟ್ಮಾರ್ ಗುರುತಿಸಬಲ್ಲ ಮುಖಗಳೆಲ್ಲ ಅಡುಗೆಮನೆಯಲ್ಲಿ, ಕಣಜದಲ್ಲಿ ಅಡಗಿದ್ದವು. ಎದುರುಗೊಳ್ಳಲು ಬಂದವರು ಅವನು ಕಂಡಿರದ ಎಳೆಯ ಹುಡುಗಿಯರು. ಬೆಳಗಿನ ತಂಪಿಗೆ ಅವನು ಕಂಬಳಿಯನ್ನು ಹೆಗಲಿಗೇರಿಸಿಕೊಂಡು ಇಳಿದ. ಗೆರ್ಲಿಂಡ ಅವನ ಕಣ್ಣನ್ನೇ ನೋಡಿದಳು. ಅವನ ಕಣ್ಣು ಕಂಬಳಿಯ ಮೇಲಿರಲಿಲ್ಲ, ಎದುರಿನ ಗುಡ್ಡದ ಮೇಲಿತ್ತು.

"ಆಹಾ! ಬೆಟ್ಟ ಅಂದ್ರೆ ಇದು ನೋಡೇ. ಏನು ಗಾಂಭೀರ್ಯ, ಏನು ಇಳಿಜಾರು! ನಮ್ಮೂರಲ್ಲೂ ಒಂದಿದೆ, ಸಗಣಿ ಗುಡ್ಡೆ ಥರ."

ಅದು ಅವರೂರಿನ ಗುಡ್ಡವೇ, ಅದರ ಬೆನ್ನು ಅಷ್ಟೆ. ಗೆರ್ಲಿಂಡ ಸೇಬಿನ ಮರದ ಕಡೆ ತಿರುಗಿ ನಿಂತಳು. ಒಟ್ಮಾರ್ ಹಳ್ಳಿಗಾಡಿಗೆ ಒಂದು ಅಂಕ ಬರೆದ.

ಮುಚ್ಚಿದ ಕಣಜದೊಳಗಿಂದ ಹಾಡು ಕೇಳಿಬಂತು. ನಾಲ್ಕು ಮೇಲ್ದನಿಗಳು, ಕೆಳಗೆ ಆಧಾರವಿಲ್ಲದೆ ಗಾಳಿಯಲ್ಲಿ ನಿಂತ ಹಾಗೆ. ಒಟ್ಮಾರ್ ಬಾಗಿಲ ಬಳಿ ಹೋಗಿ ತಲೆಬಾಗಿಸಿ ನಿಂತ. ಸ್ವಲ್ಪ ಹೊತ್ತಿಗೆ ಅವನ ಗಂಟಲಿನಿಂದ, ಅವನಿಗೇ ಗೊತ್ತಿಲ್ಲದೆ, ಕೆಳದನಿಯೊಂದು ಹೊರಟಿತು. ಮೊಹರು ಬಿದ್ದ ದಿನದಿಂದ ಕೇಳದಿದ್ದ ಗುನುಗು. ಗೆರ್ಲಿಂಡ ನಗುವುದನ್ನೂ ಮರೆತಳು.

ಹಾಡು ನಿಂತಾಗ ಒಟ್ಮಾರ್ ಕಣ್ಣೊರೆಸಿಕೊಂಡ. "ಇವರು ನಮ್ಮೂರ ಪಕ್ಕದಲ್ಲಿ ಇರಬಾರದಿತ್ತಾ? ನಮ್ಮ ಪಕ್ಕ ಇರೋರನ್ನ ನೋಡು. ಬಾಗಿಲಿನ ಕೀಲಿಗೆ ಎಣ್ಣೆ ಇಲ್ದಿದ್ರೆ ಅದೂ ಅವರಿಗಿಂತ ಚೆನ್ನಾಗಿ ಹಾಡುತ್ತೆ."

"ನೀನು ಅವರ ಹಾಡು ಯಾವತ್ತು ಕೇಳಿದ್ಯೋ?"

"ಕೇಳೋದ್ಯಾಕೆ? ಗೊತ್ತಿರೋದಕ್ಕೆ ಸಾಕ್ಷಿ ಬೇಕಾ?"

ಸಂಸ್ಕೃತಿಗೂ ಒಂದು.

ಹನ್ನೊಂದೂವರೆಗೆ ತೋಟದಲ್ಲಿ ಊಟಕ್ಕೆ ಕೂತರು. ಗರಿಗರಿ ಚರ್ಮದ ಹಂದಿ ಭುಜ, ಮುಷ್ಟಿ ಗಾತ್ರದ ಆಲೂಗಡ್ಡೆ ಉಂಡೆ, ಗಾಢ ಬಣ್ಣದ ಸಾರು. ಒಟ್ಮಾರ್ ಮೊದಲ ತುತ್ತಿಗೆ ಕಣ್ಣು ಮುಚ್ಚಿದ, ಎರಡನೆಯದಕ್ಕೆ ನಿಟ್ಟುಸಿರಿಟ್ಟ, ಮೂರನೆಯದಕ್ಕೆ ಬಡಿಸುವ ಹುಡುಗಿಯ ಕೈ ಹಿಡಿದುಕೊಂಡ.

"ಮಗಳೇ, ನಿಮ್ಮ ಅಡುಗೆಯವರಿಗೆ ಹೇಳಮ್ಮ. ಅರವತ್ತೆರಡು ವರ್ಷದಲ್ಲಿ ಇಂಥ ಉಂಡೆ ತಿಂದಿಲ್ಲ. ನಮ್ಮ ಪಕ್ಕದೂರಲ್ಲಿ ಹೆರ್ಟೆಲ್ ಅಂತ ಒಬ್ಬ ಇದಾನೆ. ಅವನ ಉಂಡೆ ಎಸೆದ್ರೆ ಕಿಟಕಿ ಒಡೆಯುತ್ತೆ."

"ತಿಂದಿದೀರಾ?"

"ಥೂ! ನಾನ್ಯಾಕೆ ತಿನ್ಲಿ?"

ಅಡುಗೆಮನೆಯೊಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಊಟಕ್ಕೂ ಒಂದು ಅಂಕ ಬಿತ್ತು. ಶಿಫಾರಸಿನ ಜಾಗದಲ್ಲಿ ಒಟ್ಮಾರ್ ದುಂಡಗೆ ಬರೆದ: "ಈ ಊರಿನೊಂದಿಗೆ ನಮ್ಮ ಸಂಘವು ಶಾಶ್ವತ ಸಂಬಂಧ ಬೆಳೆಸತಕ್ಕದ್ದು." ಸಹಿ ಹಾಕಿದ. ಜೇಬಿನಿಂದ ಮೊಹರು ತೆಗೆದು, ಬಾಯಿಂದ ಹಬೆ ಊದಿ, ಠಪ್ಪೆಂದು ಒತ್ತಿದ.

ಆಗ ಗಂಟೆ ಬಾರಿಸಿತು.

ಗುಡ್ಡದ ಮೇಲಿಂದ ಹಾದು ಬಂದ ಇಗರ್ಜಿಯ ಗಂಟೆ. ಬಿರುಕುಬಿಟ್ಟ ಗಂಟೆ. ಒಟ್ಮಾರನ ಮುಳ್ಳುಚಮಚ ನಡುದಾರಿಯಲ್ಲಿ ನಿಂತಿತು. ಅವನು ಕೈಗಡಿಯಾರ ನೋಡಿದ. ಹನ್ನೆರಡು ಗಂಟೆ, ಒಂದೂವರೆ ನಿಮಿಷ. ಇಡೀ ಜರ್ಮನಿಯಲ್ಲಿ ಮಧ್ಯಾಹ್ನ ಒಂದೂವರೆ ನಿಮಿಷ ತಡವಾಗುವ ಊರು ಒಂದೇ, ಅದು ತನ್ನೂರು ಎಂಬುದು ಅವನ ನಂಬಿಕೆ. ಆ ಬಗ್ಗೆ ಪಾದ್ರಿಗೆ ಹನ್ನೊಂದು ದೂರು ಬರೆದವನು ಅವನೇ.

ಒಟ್ಮಾರ್ ಗುಡ್ಡ ನೋಡಿದ. ಹೆಂಡತಿಯನ್ನು ನೋಡಿದ. ಹೆಗಲ ಮೇಲಿನ ಕಂಬಳಿಯ ಮೂಲೆ ಎತ್ತಿ ಕೆಂಪು ದಾರದ ಅಕ್ಷರ ನೋಡಿದ. ಮುಖದ ಬಣ್ಣ ಇಳಿದುಹೋಯಿತು. ಮೇಜಿನಲ್ಲಿ ಯಾರೂ ಅಗಿಯುತ್ತಿರಲಿಲ್ಲ. ಗೆರ್ಲಿಂಡಳಿಗೆ, ತಪ್ಪು ಮಾಡಿದೆನೇನೋ, ಇವನಿನ್ನು ಜನ್ಮದಲ್ಲಿ ಗುನುಗುವುದಿಲ್ಲವೇನೋ ಅನ್ನಿಸಿತು.

ಅಡುಗೆಮನೆಯ ಬಾಗಿಲು ತೆರೆದು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬುರ್ಕಾರ್ಟ್ ಬಂದ. ಕಣಜದಿಂದ ಹಾಡುಗಾರರೂ ಬಂದರು. ಅವನು ಒಟ್ಮಾರನ ಎದುರು ನಿಂತು, ಕಟ್ಟಳೆಯ ಪ್ರಕಾರ, ಟೋಪಿ ಎತ್ತಿದ.

"ಅಧ್ಯಕ್ಷರೇ, ನಿಮ್ಮನ್ನ ಊರ ಗಡಿ ದಾಟಿಸಿ ತಂದಿದೀವಿ. ಕೈಕಾಲು ಕಟ್ಟಿಲ್ಲ, ಮೈಮುಟ್ಟಿಲ್ಲ. ನಿಮ್ಮ ಸಂಘದವರೇ ಸಾಕ್ಷಿ. ಆವತ್ತು ಕಾವಲಿನವನನ್ನ ಬಿಟ್ಟು ಕಂಬ ತಂದಿದ್ವಿ. ತಪ್ಪು ಮಾಲು ಹೊತ್ಕೊಂಡು ಬಂದ್ವಿ ಅಂತ ಆಮೇಲೆ ಗೊತ್ತಾಯ್ತು."

ಒಟ್ಮಾರ್ ಒಂದೇ ಪ್ರಶ್ನೆ ಕೇಳಿದ: "ಆ ಕಂಬ ಏನಾಯ್ತು?"

"ನೀವು ಬಿಡಿಸ್ಕೊಳ್ಳಲೇ ಇಲ್ಲ. ಕುಯ್ದು ಬೆಂಚು ಮಾಡಿಸ್ದೆ," ಎಂದ ಬುರ್ಕಾರ್ಟ್. "ಮೂವತ್ತೆಂಟು ವರ್ಷ ಆದ್ಮೇಲೆ ಇವತ್ತು ಅದರ ಕಾವಲಿಗೆ ಬಂದಿದೀರಿ. ಕೂತಿದೀರಲ್ಲ, ಅದರ ಮೇಲೇ."

ಒಟ್ಮಾರ್ ಬಗ್ಗಿ ಬೆಂಚಿನ ಅಡಿ ನೋಡಿದ. ನೀಲಿ ಬಣ್ಣ ಅಲ್ಲಲ್ಲಿ ಇನ್ನೂ ಇತ್ತು. ಬಗ್ಗಿದವನು ಏಳಲಿಲ್ಲ. ಬೆನ್ನು ನಡುಗತೊಡಗಿತು. ಅಳುತ್ತಿದ್ದಾನೆ ಅಂದುಕೊಂಡು ಗೆರ್ಲಿಂಡ ಓಡಿಬಂದಳು.

ಮೇಜಿನ ಕೆಳಗಿನಿಂದ ಮೊದಲು ಬಂದದ್ದು ಒಂದು ಗುಡುಗು. ಆಮೇಲೆ ಇನ್ನೊಂದು. ಒಟ್ಮಾರ್ ತಲೆ ಎತ್ತಿದಾಗ ನಕ್ಕು ನಕ್ಕು ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಎಲ್ಲರೂ ನಗತೊಡಗಿದರು.

"ನಿದ್ದೆ!" ಎಂದ ಅವನು, ಉಸಿರು ಸಿಕ್ಕ ಕೂಡಲೇ. "ನಿದ್ದೆ ಹೊಡೀತಿದ್ದೆ ಕಣ್ರಯ್ಯಾ! ಹನ್ನೆರಡು ಜನವೂ ಇಲ್ಲ, ಹಗ್ಗವೂ ಇಲ್ಲ. ಎರಡು ಸಲ ಕದ್ರಿ, ಎರಡು ಸಲವೂ ಗೊರಕೆ ಹೊಡೆದೆ!" ಬೆಂಚಿನ ಮೇಲೆ ಅಂಗೈ ಬಡಿದ. "ನೋಡಿ, ಈಗ ಕೈ ಇಟ್ಟೆ! ಕಂಬ ಉಳೀತು!"

"ತಡ ಆಯ್ತು ಅಧ್ಯಕ್ಷರೇ," ಲೊರೆನ್ಸ್ ಮತ್ತೆ ರೈಲಿನ ಹೆಂಗಸಾದ. "ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

"ಬಿಡುಗಡೆಗೆ ಏನು ಕೇಳ್ತೀಯಾ ಹೆರ್ಟೆಲ್?"

ಬುರ್ಕಾರ್ಟ್ ಮೊಹರು ಒಣಗದ ಕಾಗದ ಎತ್ತಿ ತೋರಿಸಿದ. "ನೀನೇ ಬರೆದಿದೀಯಲ್ಲ, ಶಾಶ್ವತ ಸಂಬಂಧ. ಅದು ಸಾಕು. ಬಿಯರು, ಊಟ, ಎರಡೂ ಊರು ಒಂದೇ ಮೇಜಿಗೆ. ಗುರುವಾರ ಗುರುವಾರ. ಮತ್ತೆ ನನ್ನ ಕಂಬಳಿ."

"ಕಂಬಳಿ ಕೊಡಲ್ಲ," ಎಂದು ಒಟ್ಮಾರ್ ಅದನ್ನು ಹೆಗಲಿಗೆ ಬಿಗಿಯಾಗಿ ಎಳೆದುಕೊಂಡ, "ಇನ್ನೊಂದು ಉಂಡೆ ಹಾಕೋವರೆಗೂ."

ಎಲ್ಲರ ನಗೆ ಮುಗಿದ ಮೇಲೂ ಅವನದೊಂದು ಮುಗಿಯಲಿಲ್ಲ. ಗುಡ್ಡಕ್ಕೆ ಬಡಿದು ಆಚೆ ಬದಿಯ ಮೇಲಿನ ಊರಿಗೂ ಕೇಳಿಸಿತಂತೆ. ಟ್ರ್ಯಾಕ್ಟರ್ ಹೊರಟಿತು ಅಂದುಕೊಂಡು ಅಲ್ಲಿ ಒಬ್ಬಿಬ್ಬರು ದಾರಿ ಬಿಟ್ಟು ನಿಂತರಂತೆ.