ಹೊರಗಿಟ್ಟ ಸ್ಟೂಲು

ಹಳೇ ಪೇಟೆಯ ಕಂಚುಗಾರರ ಬೀದಿಯಲ್ಲಿ ಒಂದು ರೂಢಿ. ಬೆಳಿಗ್ಗೆ ಅಂಗಡಿ ತೆರೆದವರು ಮೂರು ಕಾಲಿನ ಸ್ಟೂಲನ್ನು ಬಾಗಿಲ ಹೊರಗಿಡುತ್ತಾರೆ. ಬೋಣಿ ಆದಕೂಡಲೇ ಒಳಗೆ ತೆಗೆದುಕೊಳ್ಳುತ್ತಾರೆ. ಆಮೇಲೆ ಬಂದ ಗಿರಾಕಿಗೆ, "ನಂಗೆ ಬೋಣಿ ಆಯ್ತು, ಪಕ್ಕದೋನ ಸ್ಟೂಲು ಇನ್ನೂ ಹೊರಗಿದೆ, ಅಲ್ಲಿ ಕೊಳ್ಳಿ" ಎನ್ನುತ್ತಾರೆ. ಅಷ್ಟು ಒಳ್ಳೆಯ ಜನ. ಆದರೆ ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ? ಹೋದ ವಸಂತದಲ್ಲಿ ಈ ಒಳ್ಳೆಯತನವೇ ಬೀದಿಯನ್ನು ಮುಳುಗಿಸುವುದರಲ್ಲಿತ್ತು.

ಅಂದು ಗುರುವಾರ. ಕಂಚುಗಾರ ಹಿಲ್ಮೊಗೆ ಬೇಗನೆ ಬೋಣಿ ಆಗಿತ್ತು. ಸ್ಟೂಲು ಒಳಗಿಟ್ಟು ಹಳೆಯ ಪಾತ್ರೆಯೊಂದಕ್ಕೆ ಕಲಾಯಿ ಹಾಕುತ್ತಿದ್ದ. ಹೆಂಡತಿ ರಬಿಯಾ ಕಾಫಿ ತಂದಿದ್ದಳು. ಅಷ್ಟರಲ್ಲಿ ನಗರಸಭೆಯ ವ್ಯಾಪಾರ ವಿಭಾಗದ ಶೇಫಿಕಾ ಕಾಗದದ ಕಟ್ಟು ಹಿಡಿದು ಬಂದಳು. ಅವಳೂ ಇದೇ ಬೀದಿಯ ಮಗಳು. ಅವಳಪ್ಪ ತಾಮ್ರ ಬಡಿಯುತ್ತಿದ್ದ ಅಂಗಡಿಯಲ್ಲಿ ಈಗ ಫೋನಿನ ಕವರು ಮಾರುತ್ತಾರೆ.

"ಹಿಲ್ಮೊ ಮಾಮ, ನಾಳೆ ಮಧ್ಯಾಹ್ನಕ್ಕೆ ಕೊನೆ. ಅರ್ಜಿ ಎಲ್ಲಿ?"

"ಯಾವ ಅರ್ಜಿ?"

"ನಾಟಕ ಆಡ್ಬೇಡಿ. ನಗರಸಭೆಯ ಈ ಐದು ಮಳಿಗೆ ಕೈಕಸುಬಿನವರಿಗೆ ಮೀಸಲು, ಕಡಿಮೆ ಬಾಡಿಗೆ. ಅಲ್ಲಿಯ ಪ್ರಕಟಣೆ ಹಲಗೆ ಮೇಲೆ ಅಂಟಿಸಿ ತಿಂಗಳಾಯ್ತು."

ಹಿಲ್ಮೊ ಪಾತ್ರೆಯನ್ನೇ ನೋಡುತ್ತಾ ಹೇಳಿದ, "ನಂಗೆ ಹೇಗೋ ನಡೀತಿದೆ ಮಗಳೇ. ವೇಸಿಲ್ ಹಾಕ್ಲಿ. ಅವನ ಸ್ಟೂಲು ಮಧ್ಯಾಹ್ನ ಆದ್ರೂ ಒಳಗೆ ಹೋಗಲ್ಲ."

ಶೇಫಿಕಾ ಹಣೆ ಚಚ್ಚಿಕೊಂಡಳು. "ಈಗ ವೇಸಿಲ್ ಮಾಮನ ಅಂಗಡಿಯಿಂದಾನೇ ಬಂದೆ. 'ಹಿಲ್ಮೊ ಹೆಂಡ್ತಿಗೆ ಮಂಡಿನೋವು, ಅವನಿಗೇ ಸಿಗ್ಲಿ' ಅಂದ್ರು. ಆಚೆ ಮೂರು ಅಂಗಡಿಯೋರು ವೇಸಿಲ್‌ಗೆ ಕೊಡಿ ಅಂದ್ರು. ಐದು ಅಂಗಡಿ, ಐದು ಜನ ಪುಣ್ಯಾತ್ಮರು, ಅರ್ಜಿ ಮಾತ್ರ ಒಂದೂ ಇಲ್ಲ!"

"ಒಳ್ಳೇದೇ ಆಯ್ತಲ್ಲ. ನಗರಸಭೆ ಭಿಕ್ಷೆ ಯಾರಿಗೆ ಬೇಕು? ಓಟು ಬಂದಾಗ ಮಾತ್ರ ನಮ್ಮ ನೆನಪು ಅವ್ರಿಗೆ."

"ಭಿಕ್ಷೆ ಯಾಕಾಗುತ್ತೆ? ನೀವು ಕಟ್ಟಿದ ತೆರಿಗೇನೇ ತಾನೇ? ಸುಮ್ನೆ ಕೊಡೋದೂ ಇಲ್ಲ. ವಾರಕ್ಕೊಂದಿನ ಶಾಲೆ ಮಕ್ಕಳಿಗೆ ಕೆಲಸ ತೋರಿಸ್ಬೇಕು."

"ಅದು ಕಲಾವಿದರಿಗಿರಬೇಕು. ನಾನು ಬಡಿಯೋನು, ಮಾರೋನು."

"ಬಡಿಯೋದು ಕಲೆ, ಮಾರೋದು ವ್ಯಾಪಾರ. ಫಾರಂನಲ್ಲಿ ಎರಡಕ್ಕೂ ಜಾಗ ಇದೆ." ಶೇಫಿಕಾಳ ದನಿ ಇಳಿಯಿತು. "ಮಾಮ, ಇದು ಗಿರಾಕಿ ಅಲ್ಲ, ನೀವು ಬೇಡ ಅಂದ್ರೆ ಪಕ್ಕದ ಅಂಗಡಿಗೆ ಹೋಗೋಕೆ. ಐದು ಅರ್ಜಿ ಬರದಿದ್ರೆ ಮೀಸಲೇ ರದ್ದು. ಸೋಮವಾರ ಐದೂ ಮಳಿಗೆ ಹರಾಜು. ನಮ್ಮಪ್ಪಾನೂ ಹೀಗೇ 'ಬೇರೆಯೋರಿಗೆ ಸಿಗ್ಲಿ' ಅಂತಿದ್ದ."

ಹಿಲ್ಮೊನ ಕೈ ನಿಂತಿತು. ಪಾತ್ರೆ ಬಡಿಯುವ ಅಡಿಗಲ್ಲನ್ನು ಅವನ ತಾತ ಈ ನೆಲದಲ್ಲಿ ಹೂತು ನಿಲ್ಲಿಸಿದ್ದ. ಈ ಅರವತ್ತರಲ್ಲಿ ಅದನ್ನು ಕಿತ್ತುಕೊಂಡು ಎಲ್ಲಿಗೆ ಹೋಗುವುದು? ಅವನಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ವೇಸಿಲ್‌ಗೆ ಬಿಟ್ಟುಕೊಟ್ಟೆ ಅಂದುಕೊಂಡಿದ್ದು ಪೂರ್ತಿ ನಿಜವಲ್ಲ. ತನಗೂ ಕಷ್ಟವಿದೆ ಎಂದು ನಾಲ್ಕು ಜನರ ಮುಂದೆ ಹೇಳಲು ಬಾಯಿ ಬಂದಿರಲಿಲ್ಲ, ಅಷ್ಟೆ.

ರಬಿಯಾ ಲೋಟ ಕುಕ್ಕಿದಳು. "ನೀವು ಮೊದ್ಲು, ನೀವು ಮೊದ್ಲು ಅಂತ ಸಾರು ತಣ್ಣಗಾಗಿಸೋ ಜನ ನೀವು! ಕೊನೆಗೆ ಎಲ್ಲಾರೂ ಉಪವಾಸ."

ಹಿಲ್ಮೊ ಪಾತ್ರೆ ಕೆಳಗಿಟ್ಟ. ಎದ್ದು ಒಳಗಿದ್ದ ಸ್ಟೂಲು ತಂದು ಬಾಗಿಲ ಹೊರಗಿಟ್ಟ.

ಎದುರಿನಿಂದ ವೇಸಿಲ್ ಕೂಗಿದ, "ಏನಯ್ಯಾ, ಮರೆವು ಬಂತಾ? ಬೆಳಿಗ್ಗೆನೇ ಬೋಣಿ ಆಯ್ತಲ್ಲ ನಿಂಗೆ!"

"ಇದು ಗಿರಾಕಿಗಲ್ಲ ಕಣೋ," ಎಂದ ಹಿಲ್ಮೊ. "ನಂಗೂ ಬೇಕು ಅಂತ ಹೇಳೋಕೆ ಇಟ್ಟಿದೀನಿ. ನೀನೂ ಅರ್ಜಿ ಹಾಕದಿದ್ರೆ ನಂಗೂ ಸಿಗಲ್ವಂತೆ. ಬಾ ಇಲ್ಲಿ, ಕನ್ನಡಕ ತಗೊಂಡು ಬಾ."

ವೇಸಿಲ್ ಕನ್ನಡಕ ಹುಡುಕಲು ಒಳಗೆ ಹೋದ. ಆಚೆಯ ಮೂವರನ್ನು ರಬಿಯಾಳೇ ಕರೆತಂದಳು. ಒಂದೇ ಪೆನ್ನು ಕೈಯಿಂದ ಕೈಗೆ ಹೋಯಿತು. ಶುಕ್ರವಾರ ಹತ್ತು ಗಂಟೆಗೆ ಐವರೂ ನಗರಸಭೆಯ ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ಮತ್ತೆ "ನೀನು ಮೊದ್ಲು" ಶುರುವಾಯಿತು. ಶೇಫಿಕಾ ಗದರಿಸಿ ಒಳಗೆ ಕರೆದಳು.

ಸೋಮವಾರ ಹರಾಜು ನಡೆಯಲಿಲ್ಲ. ಬೀದಿಯಲ್ಲಿ ಸುತ್ತಿಗೆಯ ಸದ್ದು ಈಗಲೂ ಇದೆ. ಬುಧವಾರವಂತೂ ಶಾಲೆಯ ಮಕ್ಕಳೂ ಬಡಿಯುವುದರಿಂದ ಕಿವಿಯೇ ಕೇಳುವುದಿಲ್ಲ.

ನೀವು ನೇಯುವವರಿರಬಹುದು, ಕೆತ್ತುವವರಿರಬಹುದು, ವಾದ್ಯ ಮಾಡುವವರಿರಬಹುದು. ನಿಮ್ಮ ನಗರಸಭೆಯ ಹಲಗೆಯನ್ನು ಈ ವಾರವೇ ಹೋಗಿ ಓದಿ. ಓದಲು ಬಾರದಿದ್ದರೆ ಅಲ್ಲಿಯ ಗುಮಾಸ್ತರನ್ನು ಕೇಳಿ, ಹೇಳುವುದು ಅವರ ಕೆಲಸ. ನೀವು ಕೇಳಿದರೆ ನೆರೆಯವರ ಪಾಲು ಹೋಗುವುದಿಲ್ಲ. ಕೇಳದಿದ್ದರೆ ಇಬ್ಬರದೂ ಹೋಗಬಹುದು. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಬೇಕಿದ್ದಾಗ ಸ್ಟೂಲು ಹೊರಗಿಡಲು ನಾಚಬೇಡಿ.