ಕನ್ನಡ ಕಲಿತ ಕಂಪ್ಯೂಟರ್

ಜಯನಗರದ ಅಂಧರ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದ ವಿಭಾ ಹುಟ್ಟು ಕುರುಡಿ. ತೆರೆಯ ಮೇಲಿನ ಅಕ್ಷರಗಳನ್ನು ಅವಳ ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಆದರೆ ಇಂಗ್ಲಿಷ್ ಮಾತ್ರ. ಕನ್ನಡ ಪಾಠ ಓದಿ ಹೇಳಲು ಪರೀಕ್ಷೆಯ ದಿನಗಳಲ್ಲಿ ಯಾರೂ ಸಿಗುತ್ತಿರಲಿಲ್ಲ. ಹಾಗಾಗಿ ೨೦೦೮ರ ಬೇಸಿಗೆಯಲ್ಲಿ, ತನ್ನ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಗೆ ಕನ್ನಡದ ದನಿ ಬಂದಿದೆಯೆಂದು ಕೇಳಿದಾಗ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಬಿಟಿಎಂ ಬಡಾವಣೆಯಿಂದ ಬರುತ್ತಿದ್ದ ಸಹೋದ್ಯೋಗಿ, ಧಾರವಾಡದ ಸಿದ್ದಾರೂಢ ಪಕ್ಕದಲ್ಲಿ ಕೂತ. ವಿಭಾ ಅಪ್‌ಡೇಟ್ ಶುರು ಮಾಡಿದಳು. ಕೇಳಿದ ತಂತ್ರಾಂಶದ ಜೊತೆಗೆ ಅದು ನೆಚ್ಚಿಕೊಂಡಿರುವ ಉಳಿದವನ್ನೂ ಹುಡುಕಿ ತರುವುದು ಪ್ಯಾಕೇಜ್ ಮ್ಯಾನೇಜರಿನ ಕೆಲಸ. ಅದು ಬರಬೇಕಾದವನ್ನು ಹೇಳಿ, ಕೊನೆಗೆ ತೆಗೆದುಹಾಕುವುದರ ಹೆಸರನ್ನೂ ಹೇಳಿತು. ಅವಳಿಗೆ ಓದಿ ಹೇಳುತ್ತಿದ್ದ ತಂತ್ರಾಂಶವೇ ಅದು!

"ಹೂಂ ಅಂತ ಒತ್ತಲೇನ್ರಿ ಮೇಡಂ?" ಸಿದ್ದಾರೂಢ ಕೇಳಿದ.

"ಅಯ್ಯೋ, ಬೇಡಿ! ಮಷೀನ್ ಮೂಗಾಗೋಗತ್ತೆ."

"ಹಂಗಾರ ಒತ್ತಾಯ ಮಾಡಿ ಹಾಕೂಣೇನ್ರಿ?"

"ಒತ್ತಾಯ ಮಾಡಿದ್ರೆ ಇರೋದೂ ಕೆಡತ್ತೆ. ಯಾಕೆ ತೆಗೀತೀಯಾ ಅಂತ ಅದನ್ನೇ ಕೇಳೋಣ."

ವಿಭಾ ಒಂದೊಂದೇ ತಂತ್ರಾಂಶವನ್ನು ವಿಚಾರಿಸುತ್ತಾ ಹೋದಳು. ಕನ್ನಡದ ದನಿಗೆ ಓದುವ ತಂತ್ರಾಂಶದ ಹೊಸ ಆವೃತ್ತಿ ಬೇಕು. ಹಳೆಯದೊಂದು ರೆಕಾರ್ಡಿಂಗ್ ತಂತ್ರಾಂಶಕ್ಕೂ ಆ ಹೊಸದಕ್ಕೂ ಹೊಂದಾಣಿಕೆಯಿಲ್ಲ. ರೆಕಾರ್ಡಿಂಗಿನದನ್ನು ಬದಲಿಸದಂತೆ ಯಾರೋ ಲಾಕ್ ಮಾಡಿದ್ದರು. ಅದನ್ನು ಮುಟ್ಟುವ ಹಾಗಿಲ್ಲವೆಂದು ಪ್ಯಾಕೇಜ್ ಮ್ಯಾನೇಜರು ಓದುವ ತಂತ್ರಾಂಶವನ್ನೇ ಹೊರಹಾಕಲು ಹೊರಟಿತ್ತು.

ಸಿದ್ದಾರೂಢ ನಾಲಿಗೆ ಕಚ್ಚಿಕೊಂಡ. "ಲಾಕ್ ಹಾಕಿದ್ದು ನಾನಽ ರೀ. ಅಪ್‌ಡೇಟಿನಾಗ ಕೆಡಬಾರ್ದಂತ ಮಾಡಿದ್ದೆ."

"ಸಿಕ್ತಲ್ಲಾ, ಬಿಡಿ!" ಎಂದು ವಿಭಾ ನಕ್ಕಳು. ಲಾಕ್ ತೆಗೆದು ಮತ್ತೆ ಆಜ್ಞೆ ಕೊಟ್ಟಳು. ಈಗ ರೆಕಾರ್ಡಿಂಗಿಗೂ ಹೊಸ ಆವೃತ್ತಿ ಸಿಕ್ಕಿತು. ಕಂಪ್ಯೂಟರು ತನ್ನ ಒರಟು ಇಂಗ್ಲಿಷಿನಲ್ಲಿ ಉಸುರಿತು: "ಝೀರೋ ಟು ರಿಮೂವ್." ತೆಗೆದುಹಾಕುವುದು ಒಂದೂ ಇಲ್ಲ!

"ಈಗ ಒತ್ರೀ ಮೇಡಂ!" ಸಿದ್ದಾರೂಢ ಎದ್ದೇ ನಿಂತ.

ವಿಭಾ ಒತ್ತಿದಳು. ಅಡಿಪಾಯದ ತಂತ್ರಾಂಶಗಳು ಮೊದಲು, ಅವುಗಳನ್ನು ನೆಚ್ಚಿದವು ಆಮೇಲೆ, ಒಂದೊಂದಾಗಿ ಎಲ್ಲವೂ ಬಂದು ಕೂತವು. ಗಿರಿನಗರದಿಂದ ಬಂದಿದ್ದ ಬಿ.ಎ. ವಿದ್ಯಾರ್ಥಿನಿ, ಕಣ್ಣು ಕಾಣದ ಪ್ರಿಯಾಂಕಾ ಬಾಗಿಲ ಬಳಿ ಕಾಯುತ್ತಿದ್ದಳು. ವಿಭಾ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದ ಅವಳ ಇತಿಹಾಸದ ಪಾಠವನ್ನು ತೆರೆದು ಕನ್ನಡದ ದನಿಯನ್ನು ಆರಿಸಿದಳು. ತುಸು ತೊದಲುತ್ತಾ, ಒತ್ತಕ್ಷರಗಳನ್ನು ಜೋರಾಗಿ ಜಗಿಯುತ್ತಾ, ಕಂಪ್ಯೂಟರು ಕದಂಬರ ಕಥೆ ಹೇಳತೊಡಗಿತು.

"ಆಂಟೀ, ಕನ್ನಡ!" ಪ್ರಿಯಾಂಕಾ ಕಿರುಚಿದಳು. "ಇನ್ನೊಂದ್ಸಲ ಹಾಕಿ, ಮೊದಲಿಂದ!"

ಎರಡನೇ ಸಲ ಮುಗಿದರೂ ಅವಳು ಕುರ್ಚಿ ಬಿಡಲಿಲ್ಲ. ವಿಭಾಳ ಮುಖ ಅರಳಿತ್ತು.

"ಸಿದ್ದಾರೂಢ, ಆ ಕಡೆ ಮಷೀನೂ ಆನ್ ಮಾಡಿ," ಎಂದಳು. "ಅದಕ್ಕೂ ಕನ್ನಡ ಕಲಿಸಿಬಿಡೋಣ."