ತಪ್ಪಿದರೆ ಬಾತುಕೋಳಿ

ಒಂದೇ ಕೋಣೆ, ಐದು ತರಗತಿ, ಒಬ್ಬರೇ ಟೀಚರಮ್ಮ. ಈ ಮೂಲೆಯಲ್ಲಿ ಮಗ್ಗಿ, ಆ ಮೂಲೆಯಲ್ಲಿ ಕಾಗುಣಿತ. ನಡುವೆ ನಿಂತು ಕೂಗಿ ಕೂಗಿ ಅವರ ಗಂಟಲು ಬಿದ್ದುಹೋಗಿತ್ತು. ಟ್ಯಾಬ್‌ಗಳು ಬಂದ ಮೇಲೆ ಹೋದ ಜೀವ ಬಂದಂತಾಯಿತು. ಪ್ರತಿ ಮಗುವಿಗೂ ಅದರದರ ಪಾಠ. ಸರಿಯಾದರೆ ಕಷ್ಟದ ಪ್ರಶ್ನೆ, ತಪ್ಪಾದರೆ ಸುಲಭದ್ದು. ಒಂದರ ಹಿಂದೊಂದು ಮೂರು ತಪ್ಪಿದರೆ, ಪಾಪ, ಮಗು ಬೇಸರ ಮಾಡಿಕೊಳ್ಳಬಾರದೆಂದು ಟೋಪಿ ಹಾಕಿದ ಬಾತುಕೋಳಿಯೊಂದು ತೆರೆಯ ಮೇಲೆ ಬಂದು ಸೊಂಟ ಕುಣಿಸುತ್ತಿತ್ತು.

ಈಗ ನೋಡಿದರೆ ಶಿಕ್ಷಣ ಇಲಾಖೆಯ ಮೇಲಿನ ಸಾಹೇಬರೇ ಬಂದು ಕೂತಿದ್ದಾರೆ.

"ಟ್ಯಾಬ್ ವರದಿಯಲ್ಲಿ ಇಲ್ಲಿನ ಒಂದು ಮಗೂಗೂ ಏನೂ ಬರಲ್ಲ ಅಂತ ತೋರಿಸ್ತಿದೆ, ಟೀಚರ್. ಟ್ಯಾಬ್‌ಗಳನ್ನ ಬೇರೆ ಶಾಲೆಗೆ ಕೊಡ್ತೀವಿ."

ಮತ್ತೆ ಆ ಕೂಗಾಟವೇ? ನೆನೆಸಿಕೊಂಡರೇ ಟೀಚರಮ್ಮನಿಗೆ ಅಳು ಬಂತು. ಮಕ್ಕಳ ಕಡೆ ತಿರುಗಿ ಗದರಿದರು, "ಯಾಕ್ರೋ ಹೀಗೆ ಮಾನ ಕಳೀತೀರಾ?"

ಐದನೇ ತರಗತಿಯ ಬಾಯಿಬಡುಕಿ ಎದ್ದು ನಿಂತಳು. "ಸರಿ ಒತ್ತಿದ್ರೆ ಬಾತುಕೋಳಿ ಬರಲ್ಲ, ಟೀಚರ್."

"ಅಂದ್ರೆ ಬೇಕಂತ್ಲೇ ತಪ್ಪು ಮಾಡ್ತೀರಾ?"

"ಹ್ಞೂಂ. ನಾಲ್ಕು ಉತ್ತರ ಇರುತ್ತಲ್ಲ, ಸರಿ ಯಾವ್ದು ಅಂತ ಗೊತ್ತಿದ್ರೇನೇ ಅದನ್ನ ಬಿಡೋಕಾಗೋದು. ಅದಕ್ಕೆ ಮೊದ್ಲು ಲೆಕ್ಕ ಮಾಡ್ತೀವಿ."

ಸಾಹೇಬರು ನಕ್ಕರು. "ಕಥೆ ಕಟ್ಟಬೇಡ. ತಪ್ಪು ಮಾಡೋಕೂ ಓದಬೇಕಾ? ತಾ ಇಲ್ಲಿ."

ಅವಳ ಟ್ಯಾಬ್ ತೆಗೆದುಕೊಂಡು ಅವಳ ಪಾಠವನ್ನೇ ತೆರೆದರು. ನಾಲ್ಕು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆ. ಹಣೆ ಉಜ್ಜಿಕೊಂಡು ಯಾವುದೋ ಒಂದನ್ನು ಒತ್ತಿದರು.

"ಭೇಷ್, ಸರಿ ಉತ್ತರ" ಎಂದಿತು ಟ್ಯಾಬ್.

ಮಕ್ಕಳೆಲ್ಲ ಅಯ್ಯೋ ಎಂದರು. ಸಾಹೇಬರ ಕಿವಿ ಕೆಂಪಾಯಿತು. ಮತ್ತೊಂದು ಒತ್ತಿದರು, ತಪ್ಪು. ಇನ್ನೊಂದು, ಅದೂ ತಪ್ಪು. ಕೋಣೆಗೆ ಕೋಣೆಯೇ ಉಸಿರು ಬಿಗಿಹಿಡಿದು ಕೂತಿತು. ಮುಂದಿನದಕ್ಕೆ ಮತ್ತೆ "ಭೇಷ್".

"ಥತ್, ಇದರ" ಎಂದು ಗೊಣಗಿದರು ಸಾಹೇಬರು.

ಅಷ್ಟರಲ್ಲಿ ಡ್ರೈವರ್ ಬಾಗಿಲಲ್ಲಿ ಖಾಲಿ ಪೆಟ್ಟಿಗೆ ಹಿಡಿದು ನಿಂತ. "ತುಂಬ್ಲಾ ಸರ್?"

"ಸುಮ್ನಿರಯ್ಯ. ಅದನ್ನ ವಾಪಸ್ ಕಾರಲ್ಲಿಡು" ಎಂದವರೇ ಬೆಂಚಿನ ಮೇಲೆ ಹುಡುಗಿಯ ಪಕ್ಕ ಸರಿದು ಕೂತು ದನಿ ತಗ್ಗಿಸಿದರು. "ಇದ್ರಲ್ಲಿ ಸರಿ ಯಾವ್ದು, ಸ್ವಲ್ಪ ಹೇಳ್ಕೊಡಮ್ಮ."

ಟೀಚರಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹುಡುಗಿ ಮಾತ್ರ ನಗಲಿಲ್ಲ.

"ಉತ್ತರ ಹೇಳಲ್ಲ ಸರ್, ನೀವೇ ಮಾಡ್ಬೇಕು. ಮೊದ್ಲು ಕೆಳಗಿನ ಸಂಖ್ಯೆ ನೋಡಿ."